ಕ್ರಿಯಾಟಿನಿನ್ ಇಳಿಯಿತು ಅಂತ ಪೇಡೆ ತಂದರು

ಡೊಂಬಿವಲಿಯಲ್ಲಿ ನಾನು ಕೆಲಸ ಮಾಡುವ ಡಯಾಲಿಸಿಸ್ ಸೆಂಟರಿಗೆ ಒಂದು ಬೆಳಿಗ್ಗೆ ಒಬ್ಬ ಹುಡುಗ ಪೇಡೆ ಡಬ್ಬಿ ಹಿಡಿದುಕೊಂಡು ಬಂದ. ಅವನ ಅಪ್ಪ ನಮ್ಮಲ್ಲಿಗೆ ವಾರಕ್ಕೆ ಮೂರು ದಿನ ಬರುವವರು. ಇನ್ನೊಂದು ಕೈಯಲ್ಲಿ ರಕ್ತ ಪರೀಕ್ಷೆಯ ರಿಪೋರ್ಟ್. "ಮೇಡಂ, ಅಪ್ಪನ ಕ್ರಿಯಾಟಿನಿನ್ 11 ಇದ್ದದ್ದು 7ಕ್ಕೆ ಇಳಿದಿದೆ. ಕಿಡ್ನಿ ಸರಿಯಾಗ್ತಾ ಇದೆ ಅಲ್ವಾ?"

ಪೇಡೆ ಇನ್ನೂ ನನ್ನ ಬಾಯಲ್ಲೇ ಇತ್ತು.

ಕ್ರಿಯಾಟಿನಿನ್ ಅನ್ನುವ ಕಸ ಹುಟ್ಟುವುದು ಮಾಂಸಖಂಡದಲ್ಲಿ. ಕಿಡ್ನಿ ಅದನ್ನು ಹೊರಗೆ ಹಾಕುತ್ತದೆ, ಅಷ್ಟೆ. ಮೂತ್ರ ಹೆಚ್ಚುಕಡಿಮೆ ನಿಂತೇ ಹೋದವರಲ್ಲಿ, ಡಯಾಲಿಸಿಸ್ ಮೊದಲಿನ ಹಾಗೇ ನಡೆಯುತ್ತಿರುವಾಗ, ಕ್ರಿಯಾಟಿನಿನ್ ತಿಂಗಳಿಂದ ತಿಂಗಳಿಗೆ ಇಳಿಯುತ್ತಾ ಬಂದರೆ ನನಗೆ ಭಯ ಆಗುತ್ತದೆ. ಅದನ್ನು ತಯಾರಿಸುವ ಮಾಂಸವೇ ಕರಗುತ್ತಿರಬಹುದು. ಅದೇ ರಿಪೋರ್ಟಿನಲ್ಲಿ ಸ್ವಲ್ಪ ಕೆಳಗೆ ಅಲ್ಬುಮಿನ್, ಅಂದರೆ ರಕ್ತದಲ್ಲಿರುವ ಪ್ರೋಟೀನ್, 3.1 ಅಂತ ಇತ್ತು, ಕಮ್ಮಿ. ಅದನ್ನು ಮನೆಯವರು ನೋಡಿರಲಿಲ್ಲ.

ಅಪ್ಪ ಕುಂದಾಪುರ ಕಡೆಯವರು. ಹದಿನಾರನೇ ವಯಸ್ಸಿಗೆ ಮುಂಬಯಿಗೆ ಬಂದು, ಹೋಟೆಲಿನಲ್ಲಿ ಲೋಟ ತೊಳೆದು, ಕೊನೆಗೆ ಗಲ್ಲಾದ ಮೇಲೆ ಕೂತವರು. ಈಗ 61. ಸೆಂಟರಿನಲ್ಲಿ ಎಲ್ಲರೂ ಅವರನ್ನು 'ಅಣ್ಣ' ಅಂತಲೇ ಕರೆಯುವುದು, ಮರಾಠಿ ನರ್ಸ್‌ಗಳೂ ಸೇರಿ. ನಾನು ಅಲ್ಲಿ ಫಿಸಿಯೋಥೆರಪಿಸ್ಟ್. ಮೊದಲು ಆರು ವರ್ಷ ಮಂಡಿ ನೋವು, ಸೊಂಟ ನೋವಿನ ಕ್ಲಿನಿಕ್ಕಿನಲ್ಲಿದ್ದೆ. ಒಂದೇ ತಿಂಗಳಲ್ಲಿ ಇಬ್ಬರು ಡಯಾಲಿಸಿಸ್ ರೋಗಿಗಳು ಬಚ್ಚಲಲ್ಲಿ ಬಿದ್ದರು ಅಂತ ನನ್ನನ್ನು ಇಲ್ಲಿಗೆ ಕರೆದರು. ಬಂದವಳು ಇಲ್ಲೇ ಉಳಿದೆ.

"ಅಣ್ಣ, ನಿಮ್ಮ ಬೆಲ್ಟ್ ಒಮ್ಮೆ ತೋರಿಸಿ" ಅಂದೆ. ಅವರು ನಾಚುತ್ತಾ ಅಂಗಿ ಎತ್ತಿದರು. ಅಂಗಡಿಯಿಂದ ಬಂದ ಐದು ತೂತುಗಳ ಆಚೆ, ಮೊಳೆ ಹೊಡೆದು ಮಾಡಿದ ಇನ್ನೂ ಮೂರು ತೂತು. ಕೊನೆಯದು ಹೊಸದು, ಅಂಚಿನಲ್ಲಿ ಚರ್ಮದ ಎಳೆ ಇನ್ನೂ ಎದ್ದಿತ್ತು. ಆದರೆ ಫೈಲು ತಿರುವಿದರೆ ಒಂದು ವರ್ಷದಿಂದ ಡ್ರೈ ವೇಯ್ಟ್ 58 ಕಿಲೋ. ಒಂದು ಚೂರೂ ಆಚೀಚೆ ಇಲ್ಲ.

ಸೊಂಟ ಸಣ್ಣ ಆಗಿದೆ, ತೂಕ ಅಷ್ಟೇ ಇದೆ. ಹಾಗಾದರೆ ಒಳಗೆ ತುಂಬಿರುವುದು ಏನು? ಅವರ ಸಾಕ್ಸ್ ಸರಿಸಿ ಮೀನಖಂಡದ ಕೆಳಗೆ ಹೆಬ್ಬೆರಳಿಂದ ಒತ್ತಿದೆ. ಗುಳಿ ಬಿತ್ತು. ಮೇಲೆ ಬರಲು ಸುಮಾರು ಹೊತ್ತು ಹಿಡಿಯಿತು.

ಡ್ರೈ ವೇಯ್ಟ್ ಅಂದರೆ ಮೈಯಲ್ಲಿ ಹೆಚ್ಚಿನ ನೀರು ಇಲ್ಲದಾಗ ಇರಬೇಕಾದ ತೂಕ. ಮಷಿನ್ ಆ ಅಂಕಿಯವರೆಗೆ ನೀರು ಎಳೆದು ನಿಲ್ಲಿಸುತ್ತದೆ. ಮಾಂಸ ಎರಡು ಕಿಲೋ ಕರಗಿ ಅಂಕಿ ಮಾತ್ರ 58ರಲ್ಲೇ ಉಳಿದರೆ, ಆ ಎರಡು ಕಿಲೋ ಜಾಗಕ್ಕೆ ನೀರು ಬಂದು ಕೂರುತ್ತದೆ. ತೂಕದ ಯಂತ್ರಕ್ಕೆ ಮಾಂಸ ಯಾವುದು, ನೀರು ಯಾವುದು ಗೊತ್ತಾಗಲ್ಲ. ಹಗಲಿಡೀ ಕಾಲಲ್ಲಿ ನಿಂತ ಆ ನೀರು ರಾತ್ರಿ ಮಲಗಿದ ಕೂಡಲೇ ಎದೆಗೆ, ಕುತ್ತಿಗೆಗೆ ಏರುತ್ತದೆ. ಗಂಟಲಿನ ದಾರಿ ಕಿರಿದಾಗುತ್ತದೆ. ಗೊರಕೆ, ನಡುನಡುವೆ ಉಸಿರು ಕಟ್ಟುವುದು, ದಡಬಡ ಎದ್ದು ಕೂರುವುದು ಎಲ್ಲ ಅಲ್ಲಿಂದ ಶುರು.

ಅದಕ್ಕೇ ಅವತ್ತು ನಾನು ಕೇಳಿದ ಮುಂದಿನ ಪ್ರಶ್ನೆ ನಿದ್ದೆಯದ್ದು. ಅಣ್ಣ "ಪರವಾಗಿಲ್ಲ" ಅಂದರು. ಪಕ್ಕದಲ್ಲಿದ್ದ ಅವರ ಹೆಂಡತಿ ತಡೆಯಲಿಲ್ಲ. "ಎಂತ ಪರವಾಗಿಲ್ಲ? ಮೂರು ದಿಂಬು ಇಟ್ಕೊಂಡು ಮಲಗ್ತಾರೆ. ಒಂದು ಗಂಟೆಗೆ ಎದ್ದು ಕಿಟಕಿ ಹತ್ರ ಕುರ್ಚಿ ಹಾಕ್ಕೊಂಡು ಕೂತ್ಕೊಳ್ತಾರೆ. ಮೊದಲ ಲೋಕಲ್ ಸದ್ದು ಕೇಳುವವರೆಗೂ ಅಲ್ಲೇ."

ನಮ್ಮದು ಮೊದಲ ಶಿಫ್ಟ್ ಬೆಳಿಗ್ಗೆ ಆರಕ್ಕೆ. ನಾಲ್ಕೂವರೆಗೆ ಏಳಬೇಕು. ಅಂದರೆ ವಾರಕ್ಕೆ ಮೂರು ರಾತ್ರಿ ಹೇಗೂ ಅರ್ಧ. ಮಷಿನ್ ಮೇಲೆ ನಾಲ್ಕು ಗಂಟೆ ಗೊರಕೆ ಹೊಡೆದು, ಮನೆಗೆ ಹೋಗಿ ಸುಸ್ತಿನಲ್ಲಿ ಮತ್ತೆ ಮೂರು ಗಂಟೆ ಮಲಗಿದರೆ ರಾತ್ರಿಗೆ ನಿದ್ದೆ ಎಲ್ಲಿ ಉಳಿದಿರುತ್ತದೆ? ನಿದ್ದೆ ಇಲ್ಲದವರು ಹಗಲಲ್ಲಿ ಓಡಾಡುವುದಿಲ್ಲ, ಬಿದ್ದುಕೊಂಡಿರುತ್ತಾರೆ. ಬಿದ್ದುಕೊಂಡಿರುವ ಕಾಲು ಕರಗುತ್ತದೆ. ಇನ್ನೂ ಒಂದಿದೆ: ಮಾಂಸಖಂಡದ ರಿಪೇರಿಗೆ ಬೇಕಾದ ಬೆಳವಣಿಗೆ ಹಾರ್ಮೋನು ಹೆಚ್ಚು ಒಸರುವುದು ಗಾಢ ನಿದ್ದೆಯಲ್ಲಿ. ಹಾಗಾಗಿ ಮಾಂಸ ಬೇರೆ, ನಿದ್ದೆ ಬೇರೆ ಅಂತ ನೋಡುವುದನ್ನು ನಾನು ಬಿಟ್ಟಿದ್ದೇನೆ.

ಮೊದಲು ಅಳತೆ. ನಮ್ಮಲ್ಲಿ ದೊಡ್ಡ ಸ್ಕ್ಯಾನ್ ಯಂತ್ರ ಇಲ್ಲ. ಒಂದು ಕುರ್ಚಿ, ಟೈಲರ್ ಟೇಪು, ಫೋನಿನ ಸ್ಟಾಪ್‌ವಾಚ್, ಮುಷ್ಟಿ ಬಲ ಅಳೆಯುವ ಒಂದು ಹಿಡಿ ಯಂತ್ರ. ಕೈ ಎದೆಗೆ ಕಟ್ಟಿಕೊಂಡು ಕುರ್ಚಿಯಿಂದ ಐದು ಸಲ ಎದ್ದು ಕೂರಬೇಕು. ಏಷ್ಯಾದ ತಜ್ಞರ ಗುಂಪು 2019ರಲ್ಲಿ ಹಾಕಿದ ಗೆರೆ ಪ್ರಕಾರ 12 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಹಿಡಿದರೆ ಕಾಲಿನ ಶಕ್ತಿ ಕಮ್ಮಿ ಅಂತ. ಮುಷ್ಟಿ ಬಲ ಗಂಡಸರಿಗೆ 28 ಕಿಲೋಗಿಂತ, ಹೆಂಗಸರಿಗೆ 18ಕ್ಕಿಂತ ಕೆಳಗಿದ್ದರೆ ಕಮ್ಮಿ. ಮೀನಖಂಡದ ಸುತ್ತಳತೆ ಗಂಡಸರಿಗೆ 34, ಹೆಂಗಸರಿಗೆ 33 ಸೆಂಟಿಮೀಟರಿಗಿಂತ ಕೆಳಗಿದ್ದರೆ ಅನುಮಾನ. ಅಣ್ಣನಿಗೆ ಕುರ್ಚಿ 23 ಸೆಕೆಂಡ್ ಹಿಡಿಯಿತು, ಮುಷ್ಟಿ 21 ಕಿಲೋ. ಫಿಸ್ಟುಲಾ, ಅಂದರೆ ಡಯಾಲಿಸಿಸ್ ಸೂಜಿ ಹಾಕಲು ಆಪರೇಷನ್ ಮಾಡಿ ಜೋಡಿಸಿದ ರಕ್ತನಾಳ, ಎಡಗೈಯಲ್ಲಿ ಇದ್ದದ್ದರಿಂದ ಬಲಗೈಯಲ್ಲೇ ಅಳೆದೆ. ಮೀನಖಂಡವನ್ನು ಡಯಾಲಿಸಿಸ್ ಮುಗಿದ ಮೇಲೇ ಅಳೆಯಬೇಕು. ಮೊದಲು ಅಳೆದರೆ ಬಾವು ಸೇರಿ ದಪ್ಪ ತೋರಿಸುತ್ತದೆ, ನಾವೂ ಪೇಡೆ ಹಂಚಬೇಕಾಗುತ್ತದೆ.

ನಿದ್ದೆಗೆ ಪಿಟ್ಸ್‌ಬರ್ಗ್ ಪ್ರಶ್ನಾವಳಿ ಅಂತ ಒಂದಿದೆ, 1989ರದ್ದು. 0ಯಿಂದ 21 ಅಂಕ, 5 ದಾಟಿದರೆ ನಿದ್ದೆ ಸರಿಯಿಲ್ಲ ಅಂತ. ಅಣ್ಣನಿಗೆ 14 ಬಂತು. ಆದರೆ ವಾರವಾರ ಅದನ್ನು ತುಂಬಿಸುವುದು ಆಗದ ಕೆಲಸ. ಅವರ ಮನೆಯ ಅಡುಗೆಮನೆಯಲ್ಲಿ ಕನ್ನಡ ಕಾಲನಿರ್ಣಯ ಕ್ಯಾಲೆಂಡರ್ ತೂಗುಹಾಕಿತ್ತು. ಅಣ್ಣನ ಹೆಂಡತಿಯನ್ನು ನಾನು ಅಕ್ಕ ಅನ್ನುವುದು. ಅಕ್ಕನಿಗೆ ಹೇಳಿದೆ: ಹಾಲಿನ ಲೆಕ್ಕ ಬರೆಯುವ ಹಾಗೆ ಆಯಾ ದಿನದ ಚೌಕದಲ್ಲಿ ಮೂರು ವಿಷಯ ಬರೆಯಿರಿ. ಎಷ್ಟು ದಿಂಬು, ಎಷ್ಟು ಸಲ ಎದ್ದರು, ಹಗಲು ಎಷ್ಟು ಹೊತ್ತು ಮಲಗಿದರು. ಮೊದಲ ತಿಂಗಳ ಹಾಳೆಯ ಫೋಟೋ ನನ್ನ ಫೋನಿನಲ್ಲಿ ಈಗಲೂ ಇದೆ. ಎಲ್ಲ ಚೌಕದಲ್ಲೂ "3 ದಿಂಬು". ಸಂಕಷ್ಟಿಯ ದಿನ ಮಾತ್ರ "ಮಲಗಲೇ ಇಲ್ಲ".

ಇಷ್ಟನ್ನೂ ನೆಫ್ರಾಲಜಿಸ್ಟ್, ಅಂದರೆ ಕಿಡ್ನಿ ಡಾಕ್ಟರ ಮುಂದೆ ಇಟ್ಟೆ. ಡ್ರೈ ವೇಯ್ಟ್ ಇಳಿಸುವುದು ಅವರ ಕೆಲಸ, ನನ್ನದಲ್ಲ. ಅವರು ಒಂದೇ ಏಟಿಗೆ ಇಳಿಸಲಿಲ್ಲ. ಇಳಿಸುವಾಗೆಲ್ಲ ಇನ್ನೂರು ಮುನ್ನೂರು ಗ್ರಾಮಿನಂತೆ, ಬಿಪಿ ನೋಡುತ್ತಾ, ಐದು ವಾರದಲ್ಲಿ 58ರಿಂದ 55.5ಕ್ಕೆ ತಂದರು. ಅಣ್ಣ ಜಗಳ ಆಡಿದರು. "ಅಷ್ಟು ನೀರು ಎಳೆದ್ರೆ ಕಾಲು ಸೆಟೆದು ಹೋಗ್ತದೆ ಮಾರಾಯ್ರೆ." ಅವರು ಹೇಳಿದ್ದು ಸುಳ್ಳಲ್ಲ. ಎರಡು ಡಯಾಲಿಸಿಸ್ ನಡುವೆ ಮೂರೂವರೆ ಕಿಲೋ ನೀರು ಏರಿಸಿಕೊಂಡು ಬಂದರೆ ನಾಲ್ಕು ಗಂಟೆಯಲ್ಲಿ ಅಷ್ಟನ್ನೂ ಎಳೆಯುವಾಗ ಸೆಟೆಯದೆ ಇನ್ನೇನು? ಹಾಗಾಗಿ ನೀರು ಏರುವುದು ಎಲ್ಲಿಂದ ಅಂತ ನೋಡಬೇಕಾಯಿತು.

ಅದು ಗಂಜಿಯಿಂದ. ನಮ್ಮ ಕರಾವಳಿಯವರಿಗೆ ಕಾಯಿಲೆ ಅಂದರೆ ಕುಚ್ಚಲಕ್ಕಿ ಗಂಜಿ, ಮಿಡಿ ಉಪ್ಪಿನಕಾಯಿ. ನನ್ನಮ್ಮನೂ ಅದನ್ನೇ ಕೊಟ್ಟು ಬೆಳೆಸಿದ್ದು. ಆದರೆ ಡಯಾಲಿಸಿಸ್ ಮಾಡಿಸುವವರಿಗೆ ಒಂದು ಬಟ್ಟಲು ಗಂಜಿ ಅಂದರೆ ಹೆಚ್ಚುಪಾಲು ನೀರು, ಅದೂ ಅಳತೆಗೆ ಸಿಗದ ನೀರು. ಲೋಟದ ನೀರು ಎಣಿಸುತ್ತಾರೆ, ಗಂಜಿ ಎಣಿಸುವುದಿಲ್ಲ. ಉಪ್ಪಿನಕಾಯಿಯ ಉಪ್ಪು ಬಾಯಾರಿಕೆ ತರುತ್ತದೆ. ಪ್ರೋಟೀನ್ ಮಾತ್ರ ಹೆಸರಿಗಷ್ಟೆ.

ಪ್ರೋಟೀನ್ ವಿಷಯದಲ್ಲಿ ಹೆಚ್ಚಿನ ಮನೆಗಳಲ್ಲಿ ಒಂದೇ ಗೊಂದಲ. ಡಯಾಲಿಸಿಸ್ ಶುರುವಾಗುವ ಮೊದಲು ಡಾಕ್ಟರು "ಬೇಳೆ, ಮೊಟ್ಟೆ, ಮೀನು ಕಮ್ಮಿ ಮಾಡಿ" ಅಂದಿರುತ್ತಾರೆ. ಆಗ ಅದು ಸರಿ. ಡಯಾಲಿಸಿಸ್ ಶುರುವಾದ ಮೇಲೆ ಲೆಕ್ಕ ತಿರುಗುತ್ತದೆ. ಈಗ ಒಂದು ಕಿಲೋ ತೂಕಕ್ಕೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು. ಯಾಕೆ ಅಂದರೆ ಒಂದು ಡಯಾಲಿಸಿಸ್‌ನಲ್ಲಿ ಫಿಲ್ಟರಿನ ಆಚೆ ಬದಿ ನಿಮಿಷಕ್ಕೆ ಸುಮಾರು 500 ಮಿಲಿಲೀಟರಿನಂತೆ, ನಾಲ್ಕು ಗಂಟೆಗೆ 120 ಲೀಟರ್ ದ್ರವ ಹರಿಯುತ್ತದೆ. ಕಸದ ಜೊತೆ ಒಳ್ಳೆಯದೂ ಹೋಗುತ್ತದೆ, ಒಂದು ಸಲಕ್ಕೆ ಸುಮಾರು 6ರಿಂದ 12 ಗ್ರಾಂ ಅಮೈನೋ ಆಸಿಡ್. ರಕ್ತದಲ್ಲಿ ಆಮ್ಲ ಜಾಸ್ತಿ ಇದ್ದರೆ, ಮೈಯಲ್ಲಿ ಸದಾ ಸಣ್ಣ ಉರಿಯೂತ ಇದ್ದರೆ ಮಾಂಸ ಇನ್ನೂ ಬೇಗ ಒಡೆಯುತ್ತದೆ. ಮನೆಯಲ್ಲಿ ಮಾತ್ರ ಹಳೆಯ ಚೀಟಿ ಫ್ರಿಜ್ಜಿನ ಮೇಲೆ ಹಾಗೇ ಅಂಟಿಕೊಂಡಿರುತ್ತದೆ. ಅಣ್ಣನ ಒಂದು ದಿನದ ಊಟ ಬರೆಸಿ ನಮ್ಮ ಡಯಟೀಶಿಯನ್ ಲೆಕ್ಕ ಹಾಕಿದರು. ಬೇಕಾದದ್ದು ಸುಮಾರು 60 ಗ್ರಾಂ, ಸಿಗುತ್ತಿದ್ದದ್ದು 30 ಕೂಡ ಇಲ್ಲ.

ಗಂಜಿ ಬಿಡಿಸುವುದು ಅಂದರೆ ಧರ್ಮ ಬಿಡಿಸಿದ ಹಾಗೆ. ಅಕ್ಕ ಎರಡು ದಿನ ನನ್ನ ಫೋನ್ ಎತ್ತಲಿಲ್ಲ. ಕೊನೆಗೆ ರಾಜಿ ಆಯಿತು: ನೀರು ಪೂರ್ತಿ ಬಸಿದ ಕುಚ್ಚಲಕ್ಕಿ ಅನ್ನ, ಬೆಳಿಗ್ಗೆ ಮೂರು ಮೊಟ್ಟೆಯ ಬಿಳಿಭಾಗ ಹಾಕಿ ಈರುಳ್ಳಿ ಪಲ್ಯದಂಥದ್ದು, ಮಧ್ಯಾಹ್ನ ಅಂಗೈಯಗಲ ಬಂಗುಡೆ. ಬಂಗುಡೆಯಲ್ಲಿ ರಂಜಕ (ಫಾಸ್ಫರಸ್) ಇದೆ, ಅದು ರಕ್ತಕ್ಕೆ ಸೇರದಂತೆ ಡಾಕ್ಟರು ಕೊಟ್ಟ ಮಾತ್ರೆಯನ್ನು ಊಟದ ಜೊತೆಗೇ ನುಂಗಬೇಕು. ಊಟ ಆಗಿ ಒಂದು ಗಂಟೆ ಬಿಟ್ಟು ನುಂಗಿದರೆ ದಂಡ. ಒಣಮೀನು ಪೂರ್ತಿ ಬಂದ್. ತರಕಾರಿ ಹೆಚ್ಚಿ, ಜಾಸ್ತಿ ನೀರಲ್ಲಿ ಬೇಯಿಸಿ, ಬಸಿದು ಪಲ್ಯ. ಕಿಡ್ನಿ ಕೆಟ್ಟವರ ರಕ್ತದಲ್ಲಿ ಕೂಡಿಕೊಳ್ಳುವ ಪೊಟ್ಯಾಶಿಯಮ್ ತರಕಾರಿಯಲ್ಲಿ ಸ್ವಲ್ಪ ಇಳಿಯುತ್ತದೆ. ಊರಿಂದ ಬಂದ ನೆಂಟರು "ತಂಪು" ಅಂತ ಎಳನೀರು ತಂದರೆ ಅವರೇ ಕುಡಿದು ಹೋಗಲಿ. ದಾರೆಹುಳಿಯಂತೂ ಮನೆ ಬಾಗಿಲು ದಾಟಬಾರದು. ಕಿಡ್ನಿ ಹೋದವರ ಮಿದುಳಿಗೆ ಅದು ವಿಷ. ಸಸ್ಯಾಹಾರಿಗಳಿಗೆ ಈ ಲೆಕ್ಕ ಸರಿಮಾಡುವುದು ಇನ್ನೂ ಕಷ್ಟ, ಆದರೆ ಆಗದ ಕೆಲಸ ಅಲ್ಲ. ಜಿಮ್ ಹುಡುಗರ ಪ್ರೋಟೀನ್ ಪುಡಿಯನ್ನು ಮಾತ್ರ ಡಯಟೀಶಿಯನ್‌ಗೆ ತೋರಿಸದೆ ಯಾರೂ ಮುಟ್ಟಬೇಡಿ.

ಇನ್ನು ವ್ಯಾಯಾಮ. ಇಲ್ಲಿ ನಾನು ಮಾಡಿದ ತಪ್ಪು ಹೇಳಲೇಬೇಕು. ಸೆಂಟರಿಗೆ ಹೊಸದಾಗಿ ಬಂದಾಗ, ನನ್ನ ಬೇರೆ ಕೆಲಸ ಮುಗಿಸಿ ಪುರುಸೊತ್ತಾಗುವುದು ಒಂಬತ್ತು ಗಂಟೆಗೆ ಅಂತ, ಡಯಾಲಿಸಿಸ್ ಶುರುವಾಗಿ ಮೂರನೇ ಗಂಟೆ ದಾಟಿದ ಮೇಲೆ ಒಬ್ಬರಿಗೆ ಕಾಲಿನ ವ್ಯಾಯಾಮ ಮಾಡಿಸಿದೆ. ಅಷ್ಟು ಹೊತ್ತಿಗೆ ಮೈಯಿಂದ ಎರಡು ಲೀಟರಿಗಿಂತ ಜಾಸ್ತಿ ನೀರು ಹೋಗಿರುತ್ತದೆ. ಐದೇ ನಿಮಿಷ. ಅವರ ಮುಖ ಬಿಳಿಚಿತು, ಬಿಪಿ 80ಕ್ಕೆ ಬಂತು, ಮೀನಖಂಡ ಕಲ್ಲಿನ ಹಾಗೆ ಗಂಟು ಕಟ್ಟಿತು. ನರ್ಸ್ ಓಡಿ ಬಂದು ಕಾಲು ಎತ್ತಿ ಸಲೈನ್ ಬಿಟ್ಟಳು. ಆಮೇಲೆ ನನಗೆ ಮರಾಠಿಯಲ್ಲಿ ಆದ ಮಂಗಳಾರತಿ ಇಡೀ ವಾರ್ಡಿಗೆ ಕೇಳಿಸಿತು. ಆ ರೋಗಿ ಎರಡು ವಾರ ನನ್ನ ಮುಖ ನೋಡಲಿಲ್ಲ.

ಅಂದಿನಿಂದ ಮೊದಲ ಎರಡು ಗಂಟೆಯೊಳಗೆ ಮಾತ್ರ. ಸೂಜಿ ಹಾಕಿ ಇಪ್ಪತ್ತು ನಿಮಿಷ ಬಿಟ್ಟು, ಬಿಪಿ ನೋಡಿ ಶುರು. ಎದೆ ನೋವು, ಜ್ವರ, ಸಕ್ಕರೆ ಇಳಿದಿದ್ದು, ಹಿಂದಿನ ಡಯಾಲಿಸಿಸ್ ತಪ್ಪಿಸಿದ್ದು, ಇದರಲ್ಲಿ ಒಂದಿದ್ದರೂ ಅವತ್ತು ಇಲ್ಲ. ತೊಡೆ ಸಂದಿಯಲ್ಲಿ ಕ್ಯಾತಿಟರ್ (ಡಯಾಲಿಸಿಸ್ ನಳಿಕೆ) ಇದ್ದವರಿಗೆ ಕಾಲು ಮಡಚಿಸುವುದೇ ಇಲ್ಲ. ಫಿಸ್ಟುಲಾದ ಕೈ ಅಲ್ಲಾಡಬಾರದು, ಕೆಲಸ ಎಲ್ಲ ಕಾಲಿನದು. ಹಳೆ ಸಾಕ್ಸಿನಲ್ಲಿ ಅರ್ಧ ಕಿಲೋ ಮರಳು ತುಂಬಿ ಹೊಲಿದ ಚೀಲ ಕಣಕಾಲಿಗೆ. ಪಾದ ಮೇಲೆ ಕೆಳಗೆ, ಮಂಡಿ ನೆಟ್ಟಗೆ ಮಾಡಿ ಐದು ಎಣಿಸುವುದು, ಮಂಡಿಗಳ ನಡುವೆ ದಿಂಬು ಅದುಮುವುದು, ಆಮೇಲೆ ಹಾಸಿಗೆಯ ತುದಿಗೆ ಕಟ್ಟಿದ ಪುಟ್ಟ ಪೆಡಲ್ ತುಳಿಯುವುದು. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಜೋರು ಸಾಕು. ಇದರಿಂದ ನಾನು ಎಣಿಸದೇ ಇದ್ದ ಲಾಭ ಒಂದಾಯಿತು. ಬೆಳಿಗ್ಗೆ ಮಷಿನ್ ಮೇಲೆ ನಿದ್ದೆ ಮಾಡುವುದು ತಪ್ಪಿತು. ಉಳಿಸಿದ ಆ ನಿದ್ದೆ ರಾತ್ರಿಗೆ ಸಿಕ್ಕಿತು.

ಬರೀ ಪೆಡಲ್ ಸಾಕು ಅಂತ ಯಾರಾದರೂ ಹೇಳಿದರೆ ನಾನು ಒಪ್ಪಲ್ಲ. ಬ್ರಿಟನ್ನಿನಲ್ಲಿ ಡಯಾಲಿಸಿಸ್ ವೇಳೆ ಆರು ತಿಂಗಳು ಸೈಕಲ್ ತುಳಿಸಿ ನೋಡಿದರು. 'ಪೆಡಲ್' ಎಂಬ ಅಧ್ಯಯನ, ಫಲಿತಾಂಶ 2021ರಲ್ಲಿ ಬಂತು. ರೋಗಿಗಳು ಹೇಳುವ ಜೀವನದ ಗುಣಮಟ್ಟದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಆಗಲಿಲ್ಲ. ಇಟಲಿಯ 'ಎಕ್ಸೈಟ್' ಅಧ್ಯಯನದಲ್ಲಿ 296 ಮಂದಿ ಇದ್ದರು. ಒಂದು ಗುಂಪಿಗೆ ಮನೆಯಲ್ಲೇ ಹಗುರವಾಗಿ ನಡೆಸಿದರು. ಆರು ತಿಂಗಳಲ್ಲಿ ಅವರು ನಡೆಯುವ ದೂರವೂ ಹೆಚ್ಚಿತು, ಕುರ್ಚಿಯಿಂದ ಏಳುವುದೂ ಚುರುಕಾಯಿತು. ಅದಕ್ಕೇ ನಾನು ಮನೆಯ ಕುರ್ಚಿಗೇ ಜಾಸ್ತಿ ಒತ್ತು ಕೊಡುತ್ತೇನೆ. ಡಯಾಲಿಸಿಸ್ ಇಲ್ಲದ ದಿನ ಹತ್ತು ಸಲ ಎದ್ದು ಕೂರುವುದು, ದಿನಕ್ಕೆ ಮೂರು ಸಲ. ಸಂಜೆ ಕಟ್ಟಡದ ಕಾರಿಡಾರಿನಲ್ಲಿ ಹತ್ತು ನಿಮಿಷ ನಡಿಗೆ. ಅಣ್ಣ ಟಿವಿ ಧಾರಾವಾಹಿಯ ಜಾಹೀರಾತು ಬಂದಾಗೆಲ್ಲ ಎದ್ದು ಕೂತರು. ಧಾರಾವಾಹಿಯಿಂದ ಒಬ್ಬರಿಗಾದರೂ ಉಪಕಾರ ಆಯಿತಲ್ಲ!

ಎಲ್ಲರ ನಿದ್ದೆಗೆಡುವುದೂ ನೀರಿನಿಂದಲೇ ಅಂತಲ್ಲ. ನಮ್ಮಲ್ಲಿ ಕಲಬುರಗಿ ಕಡೆಯ ಒಬ್ಬ ಅವ್ವ ಬರುತ್ತಾರೆ, ಕಟ್ಟಡ ಕೆಲಸಕ್ಕೆ ಅಂತ ಬಂದು ಮುಂಬಯಿಯಲ್ಲಿ ನೆಲೆಸಿದವರು. ಬಾವು ಇಲ್ಲ, ಗೊರಕೆ ಇಲ್ಲ. "ರಾತ್ರಿ ಕಾಲಾಗ ಇರುವಿ ಹರದಾಡಿದಂಗ ಆಗ್ತದ ಯವ್ವಾ. ಎದ್ದು ಅಡ್ಡಾಡಿದ್ರ ಸುಮ್ಮಾಗ್ತದ. ಮಕ್ಕೊಂಡ್ರ ಮತ್ತ ಶುರು." ಇದು ಸೆಟೆತ ಅಲ್ಲ, ಸಕ್ಕರೆ ಕಾಯಿಲೆಯ ಪಾದ ಉರಿಯೂ ಅಲ್ಲ. ಸಂಜೆಯಾದರೆ ಹೆಚ್ಚು, ಸುಮ್ಮನಿದ್ದರೆ ಹೆಚ್ಚು, ನಡೆದರೆ ಕಮ್ಮಿ. ರೆಸ್ಟ್‌ಲೆಸ್ ಲೆಗ್ಸ್ ಅನ್ನುತ್ತಾರೆ, ಡಯಾಲಿಸಿಸ್‌ನವರಲ್ಲಿ ಸಾಮಾನ್ಯ. ಮಗಳು ಪ್ರತಿ ರಾತ್ರಿ ಕಾಲು ಒತ್ತುತ್ತಾ ಅಲ್ಲೇ ಒರಗುತ್ತಿದ್ದಳಂತೆ. ಮಾತ್ರೆಗಳ ಚೀಲ ತರಿಸಿ ನೋಡಿದರೆ ಅಂಗಡಿಯಿಂದ ತಾವೇ ತಂದ ವಾಂತಿ ಮಾತ್ರೆ ಸಿಕ್ಕಿತು. ಮೆಟೊಕ್ಲೊಪ್ರಮೈಡ್. ಈ ತೊಂದರೆಯನ್ನು ಹೆಚ್ಚಿಸುವ ಮಾತ್ರೆಗಳಲ್ಲಿ ಅದೂ ಒಂದು. ಡಾಕ್ಟರು ಅದನ್ನು ನಿಲ್ಲಿಸಿದರು, ರಕ್ತದಲ್ಲಿ ಕಬ್ಬಿಣ ಕಮ್ಮಿ ಇತ್ತು, ಡಯಾಲಿಸಿಸ್ ವೇಳೆಯಲ್ಲೇ ಇಂಜೆಕ್ಷನ್ ಕೊಟ್ಟರು. ನಾನು ಕೊಟ್ಟದ್ದು ಪೆಡಲ್ ಮತ್ತು ಸಂಜೆ ನಾಲ್ಕರ ಮೇಲೆ ಚಹಾ ಇಲ್ಲ ಅನ್ನುವ ಕಟ್ಟುನಿಟ್ಟು. ಚಹಾ ಬಿಡುವುದಕ್ಕೇ ಅವರಿಗೆ ಜಾಸ್ತಿ ಕಷ್ಟ ಆಯಿತು.

ನಿದ್ದೆ ಮಾತ್ರೆಯನ್ನು, ನರದ ಮಾತ್ರೆಯನ್ನು ಪಕ್ಕದ ಮನೆಯವರಿಂದ ಇಸಕೊಳ್ಳುವವರು ಬಹಳ ಇದ್ದಾರೆ. ನನ್ನನ್ನು ಇಲ್ಲಿಗೆ ಬರುವಂತೆ ಮಾಡಿದ ಆ ಇಬ್ಬರಲ್ಲಿ ಒಬ್ಬರು ಬಿದ್ದದ್ದು ಹಾಗೆಯೇ. ಗಾಬಾಪೆಂಟಿನ್‌ನಂಥ ಮಾತ್ರೆ ಕಿಡ್ನಿಯಿಂದಲೇ ಹೊರಗೆ ಹೋಗಬೇಕಾದದ್ದು. ಕಿಡ್ನಿ ಇಲ್ಲದವರ ಮೈಯಲ್ಲಿ ಅದು ಸೇರುತ್ತಲೇ ಹೋಗುತ್ತದೆ. ಬೇರೆಯವರ ಡೋಸ್ ನುಂಗಿದರೆ ಮರುದಿನ ತೂರಾಡುತ್ತಾರೆ.

ಅಣ್ಣನದು ಎಲ್ಲವೂ ಸುಖಾಂತ ಆಗಲಿಲ್ಲ. ನಾಲ್ಕನೇ ತಿಂಗಳಲ್ಲಿ ಕುರ್ಚಿ 16 ಸೆಕೆಂಡಿಗೆ ಬಂತು, 12ರ ಒಳಗೆ ಇನ್ನೂ ಬಂದಿಲ್ಲ. ಮುಷ್ಟಿ 21ರಿಂದ 23. ದಿಂಬು ಮೂರರಿಂದ ಒಂದಕ್ಕೆ ಇಳಿಯಿತು, ಗೊರಕೆ ಸ್ವಲ್ಪ ಉಳಿಯಿತು. ನಿದ್ದೆಯ ಪರೀಕ್ಷೆ ಮಾಡಿಸಿದಾಗ ಉಸಿರು ಕಟ್ಟುವುದು ಇನ್ನೂ ಇದೆ ಅಂತ ಬಂತು. ಮುಖಕ್ಕೆ ಮಾಸ್ಕ್ ಹಾಕುವ ಯಂತ್ರ ಎರಡು ರಾತ್ರಿ ಇಟ್ಟುಕೊಂಡು, "ಹಗಲು ಒಂದು ಮಷಿನ್, ರಾತ್ರಿ ಒಂದು ಮಷಿನ್, ನಾನೆಂತ ಮೋಟಾರಾ?" ಅಂತ ವಾಪಸ್ ಕೊಟ್ಟರು. ಮತ್ತೆ ಕೇಳಬೇಕು, ಇನ್ನೂ ಬಿಟ್ಟಿಲ್ಲ ನಾನು. ಕ್ರಿಯಾಟಿನಿನ್ 7ರಿಂದ 8.2ಕ್ಕೆ ಏರಿದಾಗ ಮಗ ಗಾಬರಿಯಾಗಿ ಫೋನ್ ಮಾಡಿದ. ಡಯಾಲಿಸಿಸ್ ಸರಿಯಾಗೇ ಆಗುತ್ತಿದೆ, ಅಲ್ಬುಮಿನ್ 3.6 ಆಗಿದೆ, ಈ ಸಲ ಬೇಕಾದರೆ ಪೇಡೆ ತಾ ಅಂದೆ.

ಆಗಸ್ಟಿನಲ್ಲಿ ಊರಿನ ಯಕ್ಷಗಾನ ಮೇಳಗಳು ಮುಂಬಯಿಗೆ ಬರುವ ಹೊತ್ತು. ಮಾಟುಂಗಾದಲ್ಲಿ ಆಟ ನೋಡಬೇಕು ಅಂತ ಅಣ್ಣನಿಗೆ ಎರಡು ವರ್ಷದ ಆಸೆ, ಸ್ಟೇಷನ್ ಸೇತುವೆ ಹತ್ತಲಾಗದೆ ಬಿಟ್ಟಿದ್ದರು. ಈ ಸಲ ಹೋಗಿ ಬಂದರು. ಸೇತುವೆಯಲ್ಲಿ ಎರಡು ಕಡೆ ನಿಂತರಂತೆ.

ಆ ತಿಂಗಳ ಹಾಳೆಯ ಫೋಟೋ ಅಕ್ಕ ಕಳಿಸಿದರು. ಆಟದ ಮರುದಿನದ ಚೌಕ ಖಾಲಿ. ಅದರ ಮುಂದಿನದೂ ಖಾಲಿ. ಏನಾದರೂ ತೊಂದರೆ ಆಯಿತಾ ಅಂತ ಕೂಡಲೇ ಫೋನ್ ಮಾಡಿದೆ.

"ಎಂತದೂ ಇಲ್ಲ ಮಾರಾಯ್ತಿ" ಅಂದರು ಅಕ್ಕ. "ಅವರು ಎಷ್ಟು ಸಲ ಎದ್ರು ಅಂತ ನಂಗೆ ಗೊತ್ತಿಲ್ಲ. ನಾನೇ ಮಲಗಿಬಿಟ್ಟಿದ್ದೆ."